ಜನವಿಲ್ಲದ ದ್ವೀಪಕ್ಕೆ ಚೌಕ ಹಾಕಿದ ಅಶ್ವತ್ಥನಾರಾಯಣರು

ಹಾಂ, ಎಲ್ಲಿಗೆ ಬಂದು ನಿಂತಿತ್ತು ಮಾತು? ದ್ವೀಪದ ಹತ್ತಿರ. ಒಂದು ವಿಷಯ ಮೊದಲೇ ಹೇಳಿಬಿಡಬೇಕು, ಅಶ್ವತ್ಥನಾರಾಯಣರು ಆ ದ್ವೀಪಕ್ಕೆ ಯಾವತ್ತೂ ಹೋದವರಲ್ಲ. ಅವರ ಬಾಯಲ್ಲಿ ಅದರ ವಿಚಾರ ಕೇಳಿದವರು ಮಾತ್ರ, ಇವರು ಅಲ್ಲೇ ನಾಲ್ಕು ವರ್ಷ ಆಲೂಗಡ್ಡೆ ಬೆಳೆದುಕೊಂಡಿದ್ದರೇನೋ ಅಂದುಕೊಳ್ಳುತ್ತಾರೆ. ಅವರಿರುವುದು ಡ್ಯೂಸೆಲ್ಡಾರ್ಫಿನ ಬಿಲ್ಕ್ ಬಡಾವಣೆಯಲ್ಲಿ, ಮೂರನೇ ಮಹಡಿಯ ಮನೆಯಲ್ಲಿ. ದ್ವೀಪವಿರುವುದು ದಕ್ಷಿಣ ಅಟ್ಲಾಂಟಿಕ್ ಸಮುದ್ರದ ನಟ್ಟನಡುವೆ. ಹೆಸರು ಟ್ರಿಸ್ಟಾನ್ ಡ ಕುನ್ಯ.

ನೀರಿನೊಳಗಿಂದ ಎದ್ದು ನಿಂತ ಒಂದು ಜ್ವಾಲಾಮುಖಿ ಬೆಟ್ಟ, ಅಷ್ಟೇ ಆ ದ್ವೀಪ. ಎತ್ತರ ಎರಡು ಸಾವಿರ ಮೀಟರಿಗೂ ಜಾಸ್ತಿ. ಅಡ್ಡಕ್ಕೆ ಅಳೆದರೆ ಹನ್ನೊಂದೋ ಹನ್ನೆರಡೋ ಕಿಲೋಮೀಟರು. ಸುತ್ತಲೂ ಗೋಡೆ ಕಡಿದ ಹಾಗೆ ಬಂಡೆ, ವಾಯವ್ಯಕ್ಕೆ ಮಾತ್ರ ಒಂದು ಚೂರು ಬಯಲು, ಆ ಬಯಲಿನಲ್ಲಿ ಇರುವುದೊಂದೇ ಊರು. ಆಳುವವರು ಬ್ರಿಟಿಷರು. ಆದರೆ ಆಡಳಿತ ಇರುವುದು ಸೇಂಟ್ ಹೆಲೀನಾ ಎಂಬ ಇನ್ನೊಂದು ದ್ವೀಪದ ಗವರ್ನರ ಕೈಕೆಳಗೆ, ಆ ದ್ವೀಪವೋ ಎರಡು ಸಾವಿರದ ನಾನೂರು ಕಿಲೋಮೀಟರು ದೂರ. ಸ್ಥಳದಲ್ಲಿ ಒಬ್ಬ ಆಡಳಿತಾಧಿಕಾರಿ, ಜೊತೆಗೆ ಊರವರೇ ಆರಿಸಿದ ಒಂದು ಸಭೆ. ಜಮೀನು ಯಾರ ಸ್ವಂತದ್ದೂ ಅಲ್ಲ, ಊರಿಗೆಲ್ಲ ಸೇರಿದ್ದು. ಒಂದು ಮನೆಗೆ ಇಷ್ಟೇ ಹಸು, ಇಷ್ಟೇ ಕುರಿ ಎಂದು ಕಟ್ಟುಪಾಡು. ಇನ್ನೂರ ಅರವತ್ತು ಚಿಲ್ಲರೆ ಜನಕ್ಕೆ ಇರುವುದೆಲ್ಲ ಸೇರಿ ಏಳೇ ಮನೆತನದ ಹೆಸರು. ಇವನ್ನೆಲ್ಲ ಅಶ್ವತ್ಥನಾರಾಯಣರು ಮನೆಯವರ ಜಾತಕ ಹೇಳುವಷ್ಟು ಸಲೀಸಾಗಿ ಹೇಳುತ್ತಾರೆ. ಯಾಕೆ ಅಂತೀರಾ? ಆ ದ್ವೀಪದ ದೆಸೆಯಿಂದ ಅವರು ಕೆಲಸ ಕಳೆದುಕೊಳ್ಳುವುದರಲ್ಲಿದ್ದರು. ಉಳಿದುಕೊಂಡದ್ದೂ ಅದರಿಂದಲೇ.

ಅವರ ಊರು ಚಿಂತಾಮಣಿ. ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸ ಹಿಡಿದು ಎಂಟು ವರ್ಷ ಕೋಲಾರ ಜಿಲ್ಲೆಯ ತಾಲ್ಲೂಕು ನಕ್ಷೆಗಳನ್ನು ತಿದ್ದಿದವರು. 1958ರಲ್ಲಿ ತರಬೇತಿಗೆಂದು ಜರ್ಮನಿಗೆ ಹೋದರು. ಇವರ ಕೈ ನೋಡಿ ಡ್ಯೂಸೆಲ್ಡಾರ್ಫಿನ ಒಂದು ಅಟ್ಲಾಸ್ ಕಂಪನಿ ಅಲ್ಲೇ ಉಳಿಸಿಕೊಂಡಿತು. ಪೂರ್ತಿ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ, ಹಾಗಾಗಿ ಎಲ್ಲರಿಗೂ ಇವರು ಹೆರ್ ನಾರಾಯಣ್. ಅಲ್ಲಿ ಮರ್ಯಾದೆಗೆ ಗಂಡಸರಿಗೆ ಹೆರ್, ಹೆಂಗಸರಿಗೆ ಫ್ರಾವ್. ವರ್ಷಕ್ಕೊಂದು ಫೆರ್ಟ್ರಾಗ್, ಅಂದರೆ ಕರಾರು ಪತ್ರ. ಅದನ್ನು ತೋರಿಸಿದರೆ ಆಮ್ಟ್ ಎಂಬ ಸರ್ಕಾರಿ ಕಚೇರಿಯಲ್ಲಿ ದೇಶದೊಳಗಿರಲು ಇನ್ನೊಂದು ವರ್ಷಕ್ಕೆ ಮೊಹರು ಬೀಳುತ್ತಿತ್ತು. ಫೆರ್ಟ್ರಾಗ್ ಇಲ್ಲವೆಂದರೆ ಮೊಹರೂ ಇಲ್ಲ, ಪೆಟ್ಟಿಗೆ ಕಟ್ಟುವುದೇ. 1962ರ ವಸಂತದಲ್ಲಿ ಹೆಂಡತಿ ಭಾನುಮತಿಯನ್ನೂ ಕರೆಸಿಕೊಂಡರು. ಇವರು ರಜೆಗೆ ಊರಿಗೆ ಬಂದಿದ್ದಾಗ ಮದುವೆಯಾಗಿ, ಎರಡು ವರ್ಷ ಚಿಂತಾಮಣಿಯಲ್ಲಿ ಕಾದು ಬಂದ ಹೆಂಗಸು. ಬಂದ ವಾರಕ್ಕೇ ಮೆಟ್ಟಿಲು ಎಣಿಸಿ, "ಐವತ್ತೆಂಟು ರೀ, ನಮ್ಮೂರ ಬೆಟ್ಟದ ಗುಡಿಗೂ ಇಷ್ಟಿಲ್ಲ" ಎಂದಿದ್ದರು.

ಕಂಪನಿಯ ಕೆಲಸ ಹೇಗಿತ್ತೆಂದರೆ, ಗಾಜಿನ ಹಲಗೆಗೆ ಲೇಪ ಬಳಿದು, ಕೆಳಗಿಂದ ದೀಪ ಹಾಕಿ, ಸೂಜಿಯಿಂದ ಆ ಲೇಪವನ್ನು ಕೆರೆಯುತ್ತ ನದಿ, ದಂಡೆ, ಗಡಿ ಎಲ್ಲವನ್ನೂ ಬಿಡಿಸುವುದು. ಕೈ ಒಂದು ಕೂದಲೆಳೆ ಅಲುಗಿದರೆ ನದಿ ಬೆಟ್ಟ ಹತ್ತುತ್ತದೆ. ಅದು ಅಶ್ವತ್ಥನಾರಾಯಣರ ಪಾಲಿನ ಕೆಲಸ. ಊರುಗಳ ಹೆಸರು ಬೇರೆ ಕಡೆ ಅಚ್ಚಾಗಿ ಸಣ್ಣ ಸಣ್ಣ ಪಟ್ಟಿಯಾಗಿ ಬರುತ್ತಿತ್ತು, ಅದನ್ನು ಚಿಮಟದಲ್ಲಿ ಹಿಡಿದು ಜಾಗ ನೋಡಿ ಅಂಟಿಸುವವರು ಫ್ರಾವ್ ಕಾಲ್ವೈಟ್. ಐವತ್ತರ ಹತ್ತಿರದ ಹೆಂಗಸು, ಒಂಟಿ. ಯುದ್ಧದ ಕೊನೆಯಲ್ಲಿ ಪೂರ್ವ ಪ್ರಷ್ಯ ಎಂಬ, ಆಮೇಲೆ ಜರ್ಮನಿಯ ಕೈತಪ್ಪಿದ ಸೀಮೆಯಿಂದ ಗಾಡಿಯಲ್ಲಿ, ಮಂಜಿನ ಮೇಲೆ ಓಡಿ ಬಂದವರೆಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು, ಅವರು ಮಾತ್ರ ಅದರ ಮಾತೆತ್ತುತ್ತಿರಲಿಲ್ಲ. ಇಬ್ಬರ ಮೇಜೂ ಎದುರುಬದುರು. ನಾಲ್ಕು ವರ್ಷ ಎದುರು ಕೂತರೂ ಹವಾಮಾನ, ಅಂಟು, ಚಿಮಟ, ಇಷ್ಟು ಬಿಟ್ಟು ಬೇರೆ ಮಾತಿಲ್ಲ.

1961ರ ಅಕ್ಟೋಬರಿನಲ್ಲಿ ಟ್ರಿಸ್ಟಾನ್ ಬೆಟ್ಟ ಸಿಡಿಯಿತು. ಊರಿನ ಪಕ್ಕದಲ್ಲೇ ನೆಲ ಬಿರಿದು ಬೆಂಕಿಯ ಲಾವಾ ಹರಿಯಿತು. ಇದ್ದಬದ್ದ ಜನರನ್ನೆಲ್ಲ ಹಡಗು ಹತ್ತಿಸಿ ಇಂಗ್ಲೆಂಡಿಗೆ ಸಾಗಿಸಿದರು. ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ಕಂಪನಿಯ ಮುಖ್ಯ ಸಂಪಾದಕರು ಡಾಕ್ಟರ್ ಹಾಕನ್‌ಬೆರ್ಗ್. ಮಕ್ಕಳಿಗೆ ಜ್ವಾಲಾಮುಖಿ ಎಂದರೇನೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ ಎಂದು ಹೊಸ ಶಾಲಾ ಅಟ್ಲಾಸಿನಲ್ಲಿ ಆ ದ್ವೀಪಕ್ಕೆ ಬೆಂಕಿಪೊಟ್ಟಣದಷ್ಟು ಜಾಗ ಕೊಟ್ಟರು. 1963ರ ಈಸ್ಟರಿಗೆ ಶಾಲೆ ಶುರು, ಅಷ್ಟರೊಳಗೆ ಪುಸ್ತಕ ಸಿದ್ಧವಾಗಬೇಕು. ಕರಡು ಅಶ್ವತ್ಥನಾರಾಯಣರ ಮೇಜಿಗೆ ಬಂದಾಗ ಊರಿನ ಬದಿಯಲ್ಲಿ ಡಾಕ್ಟರರ ಕೆಂಪು ಪೆನ್ಸಿಲ್ಲಿನಲ್ಲಿ ಎರಡೇ ಮಾತಿತ್ತು: ಜನವಸತಿ ಇಲ್ಲ.

ಇಲ್ಲೇ ನೋಡಿ ಎಡವಟ್ಟಾದದ್ದು. ಜರ್ಮನಿಯವರಿಗೆ ಆ ಮಾತಿನ ಅರ್ಥ, ಊರನ್ನು ಅಳಿಸು ಎಂದು. ಕೋಲಾರ ಜಿಲ್ಲೆಯ ನಕ್ಷೆ ತಿದ್ದಿದವರಿಗೆ ಅದರ ಅರ್ಥ ಬೇರೆ. ನಮ್ಮಲ್ಲಿ ಜನ ಬಿಟ್ಟುಹೋದ ಊರಿಗೆ ಬೇಚರಾಕ್ ಗ್ರಾಮ ಎನ್ನುತ್ತಾರಲ್ಲ. ಪ್ಲೇಗು ಬಂದೋ ನೀರು ಬತ್ತಿಯೋ ಮನೆಗಳೆಲ್ಲ ಬಿದ್ದುಹೋಗಿರುತ್ತವೆ, ಆದರೆ ಊರಿನ ಹೆಸರು, ಎಲ್ಲೆ, ಸರ್ವೆ ನಂಬರು ಒಂದೂ ಹೋಗುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಶ್ವತ್ಥನಾರಾಯಣರು ಕುರುಟಪಲ್ಲಿ ಎಂಬ ಅಂಥದೊಂದು ಊರನ್ನು ನಕ್ಷೆಯಿಂದ ಕೈಬಿಟ್ಟಿದ್ದರು. ಅಲ್ಲಿ ಒಂದು ಬಾವಿ, ಒಂದು ಆಂಜನೇಯನ ಗುಡಿ ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಮುದಿ ಶಾನುಭೋಗರು ಬಿಸಿಲಲ್ಲಿ ಆರು ಮೈಲಿ ನಡೆದುಕೊಂಡು ಕಚೇರಿಗೆ ಬಂದು, "ನಾನು ವರ್ಷಾ ವರ್ಷಾ ಆ ಊರಿನ ಲೆಕ್ಕ ಬರೀತಿದ್ದೀನಿ. ನೀನ್ಯಾವನಯ್ಯಾ ಊರು ಇಲ್ಲ ಅನ್ನೋಕೆ?" ಎಂದು ಎಲ್ಲರೆದುರು ಬೈದು ಹೋಗಿದ್ದರು. ಅವತ್ತಿನಿಂದ ಅವರ ಕೈಗೆ ಅದು ಅಭ್ಯಾಸವಾಗಿಹೋಗಿತ್ತು. ಜನವಸತಿ ಇಲ್ಲ ಎಂದರೆ ಹೆಸರು ಇರಬೇಕು, ಗುರುತು ಮಾತ್ರ ಬದಲಾಗಬೇಕು. ಜನವಿದ್ದ ಊರಿಗೆ ಬಣ್ಣ ತುಂಬಿದ ಚೌಕ, ಬೇಚರಾಕಿಗೆ ಒಳಗೆ ಖಾಲಿ ಬಿಟ್ಟ ಚೌಕ.

ಜರ್ಮನ್ ಅಟ್ಲಾಸಿನಲ್ಲಿ ಊರುಗಳಿಗೆಲ್ಲ ಇರುವುದು ದುಂಡು ಚುಕ್ಕೆ. ಅದರ ನಡುವೆ ಅಶ್ವತ್ಥನಾರಾಯಣರು ಒಂದು ಖಾಲಿ ಚೌಕವನ್ನು ಅಂದವಾಗಿ ಕೆರೆದು, ಮುಂದಿನ ಹಾಳೆಗೆ ಕೈ ಹಾಕಿದರು. ಹೆಸರು ಅಂಟಿಸಲು ಹಲಗೆ ಎದುರು ಮೇಜಿಗೆ ಹೋಯಿತು. ಫ್ರಾವ್ ಕಾಲ್ವೈಟ್ ಅದನ್ನು ಭೂತಗನ್ನಡಿಯಲ್ಲಿ ನೋಡಿದವರು ತಲೆ ಎತ್ತಿದರು.

"ಹೆರ್ ನಾರಾಯಣ್, ಈ ಡಬ್ಬಿ ಏನು?"

"ಜನ ಬಿಟ್ಟುಹೋದ ಊರು ಮೇಡಂ. ನಮ್ಮ ಕಡೆ ಹಾಗೇ ಬರೀತೀವಿ."

"ಹೆಸರಿನ ಪಟ್ಟಿ ಅಂಟಿಸಬೇಕಾ?"

"ಅಂಟಿಸಬೇಕು ಮತ್ತೆ. ಜನ ಹೋದರೆ ಊರು ಹೋಗತ್ತಾ? ಎಲ್ಲೆ ಇದೆ, ಆಡಳಿತ ಇದೆ, ಆಲೂಗಡ್ಡೆ ಹೊಲದ ಕಲ್ಲುಗೋಡೆ ಇದೆ. ನಾಳೆ ಬಂದವರಿಗೆ ಊರು ಎಲ್ಲಿ ಅಂತ ಗೊತ್ತಾಗಬೇಕಲ್ಲ."

ಫ್ರಾವ್ ಕಾಲ್ವೈಟ್ ಭೂತಗನ್ನಡಿಯಲ್ಲಿ ಆ ಚೌಕವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಚಿಮಟ ತೆಗೆದುಕೊಂಡು ಹೆಸರು ಅಂಟಿಸಿದರು. ಅವರಿಗೆ ಅದು ತಪ್ಪೆಂದು ಚೆನ್ನಾಗಿ ಗೊತ್ತಿತ್ತು. ಇವರಿಗೆ ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಹಾಳೆಗಳು ನವೆಂಬರಿನಲ್ಲಿ ಅಚ್ಚಾದವು. ಡಿಸೆಂಬರ್ ಮೊದಲ ಸೋಮವಾರ ಡಾಕ್ಟರ್ ಹಾಕನ್‌ಬೆರ್ಗ್ ಅಚ್ಚಾದ ಹಾಳೆ ಹಿಡಿದುಕೊಂಡು ಕೆಲಸದ ಕೋಣೆಗೇ ಬಂದರು. ಆ ಮನುಷ್ಯ ದನಿ ಎತ್ತುವವರಲ್ಲ. ಸಿಟ್ಟು ಬಂದರೆ ಇನ್ನೂ ಮೆಲ್ಲಗೆ ಮಾತಾಡುತ್ತಿದ್ದರು, ಹಾಗಾಗಿ ಎಲ್ಲರೂ ಕಿವಿ ನಿಗುರಿಸಿ ಕೂತರು.

"ಹೆರ್ ನಾರಾಯಣ್, ನಮ್ಮ ಅಟ್ಲಾಸಿನಲ್ಲಿ ಎಷ್ಟು ಗುರುತು ಇದೆ?"

"ನಲವತ್ತೊಂದು, ಡಾಕ್ಟರ್."

"ಇದು ನಲವತ್ತೆರಡನೇದು. ಗುರುತಿನ ಪಟ್ಟಿಯಲ್ಲಿ ಇಲ್ಲದ ಗುರುತು ನಕ್ಷೆಯಲ್ಲಿ ಇರೋ ಹಾಗಿಲ್ಲ. ಇಡೀ ಜರ್ಮನಿಯ ಭೂಗೋಳದ ಮೇಷ್ಟ್ರುಗಳು ನನಗೆ ಕಾಗದ ಬರೀತಾರೆ. ಅಲ್ಲದೆ ನಾನು ಬರೆದದ್ದು ಜನವಸತಿ ಇಲ್ಲ ಅಂತ. ನೀವು ಊರು ಇಟ್ಟಿದ್ದೀರಿ."

ಅಶ್ವತ್ಥನಾರಾಯಣರು ಬೇಚರಾಕ್ ಗ್ರಾಮದ ವಿಚಾರ ವಿವರಿಸಲು ಹೊರಟರು. ಜರ್ಮನ್ ಭಾಷೆಯಲ್ಲಿ ಅದು ಎಷ್ಟು ಹೇಳಿದರೂ ಗೊಂದಲವಾಗುತ್ತ ಹೋಯಿತು. ಕೋಲಾರ, ಪ್ಲೇಗು, ಶಾನುಭೋಗರು, ಆಂಜನೇಯ ಎಲ್ಲ ಸೇರಿಕೊಂಡು ಕೊನೆಗೆ ಅವರಿಗೇ ನಾಚಿಕೆಯಾಗಿ ನಿಲ್ಲಿಸಿದರು. ಡಾಕ್ಟರರು ಪೂರ್ತಿ ಕೇಳಿಸಿಕೊಂಡು, "ಕ್ರಿಸ್ಮಸ್ಸಿಗೆ ಮುಂಚೆ ನಿಮ್ಮ ಫೆರ್ಟ್ರಾಗ್ ವಿಷಯ ಹೇಳ್ತೀನಿ" ಎಂದು ಹೊರಟರು.

ಮನೆಗೆ ಬಂದವರು ಕೋಟು ಕೂಡ ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ಭಾನುಮತಿಗೆ ಆಗ ಐದು ತಿಂಗಳು.

"ಏನ್ರೀ, ಮುಖ ಹಿಂಗ್ ಮಾಡ್ಕೊಂಡಿದ್ದೀರಾ?"

"ಕೆಲಸ ಹೋಗೋ ಹಾಗಿದೆ ಕಣೆ. ಆ ದ್ವೀಪಕ್ಕೆ ಚೌಕ ಹಾಕ್ಬಿಟ್ಟೆ."

"ಅದೇ ಆ ಆಲೂಗಡ್ಡೆ ದ್ವೀಪಾನಾ? ಬೇಸಿಗೆಯೆಲ್ಲ ಲೈಬ್ರರಿಯಿಂದ ಪುಸ್ತಕ ತಂದು ಊಟದ ಹೊತ್ತಲ್ಲಿ ಕೊರೀತಿದ್ರಲ್ಲ, ಮನೆಗೆ ಇಷ್ಟೇ ಹಸು, ಇಷ್ಟೇ ಕುರಿ ಅಂತ?"

"ಹೂಂ, ಅದೇ."

"ನಂಗೆ ಆವತ್ತೇ ಅನ್ನಿಸ್ತು, ಆ ಹಸುಗಳು ನಮ್ಮನೆ ಮೇಯ್ದು ಹೋಗ್ತವೆ ಅಂತ." ಭಾನುಮತಿ ಕೋಟಿನ ಗುಂಡಿ ತಾವೇ ಬಿಚ್ಚಿದರು. "ಹೋಗ್ಲಿ ಬಿಡಿ. ವಾಪಸ್ ಹೋಗೋದಾದ್ರೆ ಹೋಗುವಾಗ ಈ ಮನೆಗೂ ಒಂದು ಚೌಕ ಹಾಕಿ ಹೋಗಿ. ಮುಂದೆ ಬಂದವರಿಗೆ ಇಲ್ಲಿ ಇಬ್ಬರಿದ್ರು ಅಂತ ಗೊತ್ತಾಗ್ಲಿ."

"ಇಬ್ಬರಲ್ಲ, ಎರಡೂವರೆ."

"ಲೆಕ್ಕ ಮಾತ್ರ ಸರಿಯಾಗಿ ಬರತ್ತೆ" ಎಂದು ಭಾನುಮತಿ ನಕ್ಕರು. ನಕ್ಕರೂ ಆ ರಾತ್ರಿಯ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು, ಇಬ್ಬರೂ ಏನೂ ಅನ್ನದೆ ಉಂಡರು. ಹೇಗೆ ತಾನೇ ಅಂದಾರು? ಊರಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದಾಗಿತ್ತು. ಜಾಗಕ್ಕೆ ಬೇರೆಯವರು ಬಂದಾಗಿತ್ತು. ಬಸುರಿಯನ್ನು ಹಡಗಿನಲ್ಲಿ ಮೂರು ವಾರ ಕರೆದೊಯ್ಯುವುದು ಹೇಗೆ ಎನ್ನುವುದೊಂದೇ ಅವರ ತಲೆಯಲ್ಲಿ ಸುತ್ತುತ್ತಿತ್ತು.

ಮರುದಿನ ಅವರು ಕೋಣೆಗೆ ಬರುವಷ್ಟರಲ್ಲಿ ಎದುರು ಮೇಜು ಖಾಲಿ. ಫ್ರಾವ್ ಕಾಲ್ವೈಟ್ ಡಾಕ್ಟರರ ಕೋಣೆಯಲ್ಲಿದ್ದರು. ಬಾಗಿಲು ತೆರೆದೇ ಇತ್ತು, ಆಡಿದ್ದೆಲ್ಲ ಹೊರಗೆ ಕೇಳುತ್ತಿತ್ತು.

"ಹೆಸರು ಅಂಟಿಸಿದ್ದು ನಾನು. ಅಂಟಿಸುವ ಮೊದಲು ಗುರುತು ನೋಡಿದೆ, ಕೇಳಿದೆ, ತಪ್ಪು ಅಂತ ಗೊತ್ತಿದ್ದೇ ಅಂಟಿಸಿದೆ. ಅವರದು ಅಭ್ಯಾಸ. ನನ್ನದು ಬೇಕಂತ ಮಾಡಿದ್ದು. ಫೆರ್ಟ್ರಾಗ್ ವಿಷಯಕ್ಕೆ ಬಂದರೆ ಮೊದಲು ನನ್ನದನ್ನು ನೋಡಿ."

"ನಿಮಗೆ ಹದಿಮೂರು ವರ್ಷದ ಅನುಭವ ಇದೆ, ಫ್ರಾವ್ ಕಾಲ್ವೈಟ್. ಯಾಕೆ ಹಾಗೆ ಮಾಡಿದಿರಿ?"

"ನಮ್ಮ ಊರು ಈಗ ಹುಲ್ಲು. ಮನೆ ಇಲ್ಲ, ಚರ್ಚಿಲ್ಲ, ಯಾವ ನಕ್ಷೆಯಲ್ಲೂ ಹೆಸರಿಲ್ಲ. ಅದಕ್ಕೆ ಒಂದು ಡಬ್ಬಿ ಬರೆಯುವವರೂ ಇರಲಿಲ್ಲ. ಇಂಥದೊಂದು ಗುರುತು ಎಲ್ಲೋ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಇಷ್ಟೇ."

ಅಶ್ವತ್ಥನಾರಾಯಣರು ದೀಪದ ಮೇಜಿನ ಮೇಲೆ ಎರಡೂ ಕೈಯಿಟ್ಟು ನಿಂತುಬಿಟ್ಟರು. ನಾಲ್ಕು ವರ್ಷ ಅಂಟು ಚಿಮಟದ ಮಾತಾಡಿದ ಹೆಂಗಸು ತನಗಾಗಿ ತನ್ನ ಅನ್ನವನ್ನೇ ಪಣಕ್ಕಿಟ್ಟಿದ್ದಾಳೆ. ಆಕೆ ವಾಪಸ್ ಬಂದು ಕೂತಾಗ, "ಮೇಡಂ, ನೀವು ಹಾಗೆ ಹೇಳಬಾರದಿತ್ತು" ಎಂದರು. ಆಕೆ, "ನಿಮ್ಮ ಸೂಜಿ ಮೊಂಡಾಗಿದೆ, ಬದಲಾಯಿಸಿ" ಎಂದು ಕೆಲಸಕ್ಕೆ ತಿರುಗಿದರು.

ಆಮೇಲಿನ ದಿನಗಳಲ್ಲಿ ಡಾಕ್ಟರರಿಂದ ಯಾವ ಮಾತೂ ಇಲ್ಲ. ಕೋಣೆಯಲ್ಲಿ ಇಬ್ಬರ ಬಗ್ಗೆಯೂ ಗುಸುಗುಸು. ಅಷ್ಟರಲ್ಲಿ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಬಂತು. ಇಂಗ್ಲೆಂಡಿಗೆ ಹೋಗಿದ್ದ ಟ್ರಿಸ್ಟಾನಿನ ಜನ ಮತ ಹಾಕಿದ್ದಾರೆ, ಅಲ್ಲೇ ಉಳಿಯುವುದೋ ದ್ವೀಪಕ್ಕೆ ಮರಳುವುದೋ ಎಂದು. ಮರಳುತ್ತೇವೆ ಎಂದವರು ನೂರ ನಲವತ್ತೆಂಟು, ಒಲ್ಲೆವೆಂದವರು ಐದೇ ಜನ. ಊರಿನ ಸ್ಥಿತಿ ನೋಡಲು ಒಂದಷ್ಟು ಗಂಡಸರು ಮೊದಲೇ ಹೋಗಿದ್ದಾರೆಂದೂ ಇತ್ತು. ಇಂಗ್ಲೆಂಡಿನ ಚಳಿಗಾಲ, ಅಲ್ಲಿನ ಗಡಿಬಿಡಿ, ಬೀಗ ಹಾಕುವ ಬಾಗಿಲುಗಳು ಅವರಿಗೆ ಒಗ್ಗಿರಲಿಲ್ಲವಂತೆ. ಅಶ್ವತ್ಥನಾರಾಯಣರು ಟ್ರಾಮಿನಲ್ಲಿ ನಿಂತುಕೊಂಡೇ ಅದನ್ನು ಮೂರು ಸಲ ಓದಿದರು. ಕತ್ತರಿಸಿ ಡಾಕ್ಟರರಿಗೆ ಕೊಡಬೇಕೆಂದು ಅನ್ನಿಸಿತು, ಕೊಟ್ಟರೆ ನೋಡಿ ನಾನೇ ಸರಿ ಎಂದು ಹೇಳಿದ ಹಾಗಾಗುತ್ತದೆಂದು ಜೇಬಿನಲ್ಲೇ ಇಟ್ಟುಕೊಂಡರು.

ಕೊಡುವ ಅಗತ್ಯ ಬೀಳಲಿಲ್ಲ. ಹತ್ತು ಗಂಟೆಗೆ ಡಾಕ್ಟರ್ ಹಾಕನ್‌ಬೆರ್ಗ್ ಅದೇ ಪತ್ರಿಕೆ ಹಿಡಿದುಕೊಂಡು ಬಂದು ಇಬ್ಬರ ಮೇಜಿನ ನಡುವೆ ನಿಂತರು.

"ಹೆರ್ ನಾರಾಯಣ್, ಆ ದ್ವೀಪದಲ್ಲಿ ಇವತ್ತು ಜನ ಇದ್ದಾರಾ?"

"ಊರು ಅನ್ನುವಷ್ಟು ಇಲ್ಲ, ಡಾಕ್ಟರ್."

"ಖಾಲಿ ಅಂತ ಬರೆದರೆ?"

"ಅದೂ ಪೂರ್ತಿ ಸರಿ ಹೋಗಲ್ಲ."

"ಹಾಗಾದರೆ ನಮ್ಮ ನಲವತ್ತೊಂದು ಗುರುತಿನಲ್ಲಿ ಯಾವುದು ಹಾಕಬೇಕಿತ್ತು?"

ಅಶ್ವತ್ಥನಾರಾಯಣರು ನಲವತ್ತೊಂದನ್ನೂ ಮನಸ್ಸಿನಲ್ಲೇ ಎಣಿಸಿ ನೋಡಿದರು. ಆಮೇಲೆ ನಿಜವನ್ನೇ ಹೇಳಿದರು. "ಯಾವುದೂ ಇಲ್ಲ."

"ನಾನೂ ಬೆಳಿಗ್ಗೆಯಿಂದ ಹುಡುಕಿದೆ. ಯಾವುದೂ ಇಲ್ಲ." ಡಾಕ್ಟರರು ಪತ್ರಿಕೆ ಮಡಚಿದರು. "ಗುರುತಿನ ಪಟ್ಟಿಯ ಹಾಳೆ ಇನ್ನೂ ಅಚ್ಚಿಗೆ ಹೋಗಿಲ್ಲ. ಅದು ಯಾವಾಗಲೂ ಕೊನೆಗೆ ಹೋಗೋದು. ಒಂದು ಸಾಲು ಸೇರಿಸಿ. ಖಾಲಿ ಚೌಕ, ಸದ್ಯಕ್ಕೆ ಜನ ತೊರೆದ ಊರು. ಫ್ರಾವ್ ಕಾಲ್ವೈಟ್ ಅಕ್ಷರ ಅಂಟಿಸಲಿ. ಇನ್ನು ಮೇಲೆ ಹೊಸ ಗುರುತು ಹಾಕಬೇಕು ಅನ್ನಿಸಿದರೆ ಮೊದಲು ನನ್ನನ್ನು ಕೇಳಿ. ಇಬ್ಬರೂ. ಫೆರ್ಟ್ರಾಗ್ ಮಧ್ಯಾಹ್ನ ಬಂದು ತಗೊಂಡು ಹೋಗಿ."

ಆ ಮನುಷ್ಯ ತಪ್ಪಾಯಿತು ಎನ್ನಲಿಲ್ಲ, ಶಭಾಸ್ ಎನ್ನಲೂ ಇಲ್ಲ. ಬೆಳಿಗ್ಗೆಯಿಂದ ನಲವತ್ತೊಂದು ಗುರುತನ್ನೂ ತಿರುವಿ ಹಾಕಿದ್ದರಲ್ಲ, ಅದಕ್ಕಿಂತ ದೊಡ್ಡ ಮರ್ಯಾದೆ ಬೇಕಿರಲಿಲ್ಲ ಎನ್ನುತ್ತಾರೆ ಅಶ್ವತ್ಥನಾರಾಯಣರು. ಸಾಯಂಕಾಲ ಫೆರ್ಟ್ರಾಗನ್ನು ಭಾನುಮತಿಯ ಕೈಗೆ ಕೊಟ್ಟರೆ ಆಕೆ ಅದನ್ನು ದೇವರ ಮುಂದಿಟ್ಟು, ಎರಡು ನಿಮಿಷ ಬಿಟ್ಟು ಬಂದು, "ರೀ, ಆ ಮೇಡಂನ ಭಾನುವಾರ ಊಟಕ್ಕೆ ಕರೀರಿ" ಎಂದರು.

"ನಮ್ಮ ಅಡುಗೆ ಅವರಿಗೆ ಸೇರತ್ತೋ ಇಲ್ವೋ."

"ಸೇರದಿದ್ರೆ ಆಲೂಗಡ್ಡೆ ಬೇಯಿಸಿ ಹಾಕ್ತೀನಿ. ನೀವು ಕರೀರಿ ಸಾಕು."

ಫ್ರಾವ್ ಕಾಲ್ವೈಟ್ ಬಂದರು. ಹುಳಿಯನ್ನವನ್ನು ಮೊದಲ ತುತ್ತಿಗೇ ಕೆಮ್ಮಿ, ನೀರು ಕುಡಿದು, ಎರಡನೇ ಸಲ ಹಾಕಿಸಿಕೊಂಡರು. ಊಟವಾದ ಮೇಲೆ ಒಂದು ಕಾಗದ ಕೇಳಿ ತಮ್ಮ ಊರಿನ ಬೀದಿ ಬರೆದರು. ಚರ್ಚು ಇಲ್ಲಿ, ಕೆರೆ ಇಲ್ಲಿ, ನಮ್ಮ ಮನೆ ಈ ತಿರುವಿನಲ್ಲಿ. ಹೆಸರು ಹೇಳುತ್ತ ಹೋದರು, ಅಶ್ವತ್ಥನಾರಾಯಣರು ಅಳತೆಗೋಲು ತಂದು ಅದನ್ನು ತಿದ್ದಿ ಬರೆದರು. ಆ ಹೊತ್ತಿಗೆ ಅವರಿಗೆ ಭಾಷೆಯ ಅಡ್ಡಿಯೇ ಬರಲಿಲ್ಲವಂತೆ. ಏಪ್ರಿಲಿನಲ್ಲಿ ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಭಾನುಮತಿಯ ಪಕ್ಕ ಕೂತಿದ್ದವರು ಇದೇ ಹೆಂಗಸು. ಮಗುವಿಗೆ ಶಾಮಲಾ ಎಂದು ಹೆಸರಿಟ್ಟರು. ಆ ಹುಡುಗಿಗೆ ಈಗ ಹದಿನಾಲ್ಕು, ಅಪ್ಪ ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಹೇಳುತ್ತಾಳೆ, ಫ್ರಾವ್ ಕಾಲ್ವೈಟರನ್ನು ಮಾತ್ರ ಕನ್ನಡದಲ್ಲೇ ಅಜ್ಜಿ ಎನ್ನುತ್ತಾಳೆ.

ದ್ವೀಪದ ಜನ 1963ರಲ್ಲಿ ಮರಳಿ ಹೋದರು. ಮುಂದಿನ ಮುದ್ರಣದಲ್ಲಿ ಅವರ ಊರಿಗೆ ಮಾಮೂಲಿ ದುಂಡು ಚುಕ್ಕೆಯೇ ಬಂತು. ತಮಾಷೆ ಏನೆಂದರೆ ಪಟ್ಟಿಯಿಂದ ಆ ನಲವತ್ತೆರಡನೇ ಗುರುತು ತೆಗೆಯುವುದು ಎಲ್ಲರಿಗೂ ಮರೆತುಹೋಗಿ, ನಾಲ್ಕು ಮುದ್ರಣಗಳಲ್ಲಿ ಯಾವ ಊರಿಗೂ ಇಲ್ಲದ ಗುರುತೊಂದು ಹಾಗೇ ಇತ್ತು. ಕೊನೆಗೆ ಬ್ರೇಮನ್ನಿನ ಒಬ್ಬ ಮೇಷ್ಟ್ರು ಕಾಗದ ಬರೆದರು. ಡಾಕ್ಟರ್ ಹಾಕನ್‌ಬೆರ್ಗ್ ಹೆದರಿದ್ದ ಕಾಗದ ಬಂದದ್ದು ಅದೊಂದೇ, ಅದಕ್ಕೆ ಅವರು ತಾವೇ ಕೂತು ಎರಡು ಪುಟ ಉತ್ತರ ಬರೆದರಂತೆ.

ಅಶ್ವತ್ಥನಾರಾಯಣರು ಈಗಲೂ ಅದೇ ಕಂಪನಿಯಲ್ಲಿದ್ದಾರೆ. ಗಾಜು ಹೋಗಿ ಪ್ಲಾಸ್ಟಿಕ್ ಹಾಳೆ ಬಂದಿದೆ, ಕನ್ನಡಕದ ಗಾಜು ದಪ್ಪವಾಗಿದೆ, ಫೆರ್ಟ್ರಾಗ್ ವರ್ಷವರ್ಷ ಕೇಳುವ ಗೋಜಿಲ್ಲ. ಯಾರಾದರೂ ಈ ದೇಶದಲ್ಲಿ ಹೇಗೆ ನೆಲೆ ನಿಂತಿರಿ ಎಂದು ಕೇಳಿದರೆ ತಮ್ಮ ಕೈಚಳಕದ ಸುದ್ದಿ ಎತ್ತುವುದೇ ಇಲ್ಲ. "ನನ್ನ ಹೆಸರನ್ನ ಒಬ್ಬರು ಅಂಟಿಸಿ ಇಟ್ರು ಕಣಯ್ಯಾ, ಬಿದ್ದು ಹೋಗದ ಹಾಗೆ" ಎನ್ನುತ್ತಾರೆ. ಆಮೇಲೆ ಆ ನೂರ ನಲವತ್ತೆಂಟು ಜನಕ್ಕೂ ಕೈ ಮುಗಿಯುತ್ತಾರೆ, ಮುಖ ನೋಡದ ಜನಕ್ಕೆ.

ನಿಮ್ಮಲ್ಲಿ ಯಾರಾದರೂ ಓದಿಗೋ ಕೆಲಸಕ್ಕೋ ಡ್ಯೂಸೆಲ್ಡಾರ್ಫ್ ಕಡೆ ಹೋಗುವವರಿದ್ದರೆ ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಬಿಲ್ಕಿನಲ್ಲಿ ಟ್ರಾಮ್ ಇಳಿದು ನಕ್ಷೆಯ ನಾರಾಯಣ್ ಮನೆ ಎಂದರೆ ಬೇಕರಿಯವಳೂ ತೋರಿಸುತ್ತಾಳೆ. ಮೊದಲೇ ಕಾಗದ ಬರೆಯಬೇಕೆಂದೇನಿಲ್ಲ. ಹನ್ನೆರಡೂವರೆಗೆ ಹೋದರೆ ಊಟದ ಹೊತ್ತು, ಮೂರು ಜನರ ಜೊತೆ ಫ್ರಾವ್ ಕಾಲ್ವೈಟರೂ ಸಿಗುತ್ತಾರೆ, ಅವರ ಕಿವಿ ಈಗ ಸ್ವಲ್ಪ ಮಂದ, ಜೋರಾಗಿ ಮಾತಾಡಿ. ನಿಮ್ಮದು ಯಾವ ತಾಲ್ಲೂಕು ಎಂದು ಅಶ್ವತ್ಥನಾರಾಯಣರು ಕೇಳೇ ಕೇಳುತ್ತಾರೆ. ನಾಚಿಕೊಳ್ಳದೆ ಹೇಳಿ, ಹೋಬಳಿ ಸಮೇತ ಹೇಳಿ. ಹೋಗಿ, ಅವರನ್ನು ಕಂಡು ಬನ್ನಿ.